ಫ್ಲ್ಯಾಟ್ ತಗೊಳೋ ಮುಂಚೆ ಮಣ್ಣಿನ ರಿಪೋರ್ಟ್ ಕೇಳ್ರಿ

ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿ ಸ್ಟೇಷನ್ ಸುತ್ತಮುತ್ತ, ಜೇವರ್ಗಿ ರೋಡ್, ಸೇಡಂ ರೋಡ್ ಕಡಿ ಹೊಸ ಅಪಾರ್ಟ್‌ಮೆಂಟ್ ಏಳ್ಲಕತ್ತಾವ. ಇವು ಊರಿಗೆ ಬೇಕೋ ಬ್ಯಾಡೋ ಅಂತ ಓಣಿ ಓಣಿಯೊಳಗ ಜಗಳ ನಡದದ. ನಮ್ಮ ಮಾತು ಇಷ್ಟು: ಊರೊಳಗ, ಸ್ಟೇಷನ್ ಹತ್ರ, ಸಿಟಿ ಬಸ್ ಓಡೋ ರೋಡಿನ ಮ್ಯಾಲ ಅಪಾರ್ಟ್‌ಮೆಂಟ್ ಬರಲೇಬೇಕು. ಆದ್ರ ಇದು ಎರಿ ಮಣ್ಣಿನ ಊರು, ಅಂದ್ರ ಮಳಿಗೆ ಉಬ್ಬಿ ಬ್ಯಾಸಿಗಿಗೆ ಕುಗ್ಗೋ ಕರಿ ಮಣ್ಣು. ಇಲ್ಲಿ ಕಟ್ಟೋರು ಈ ಮಣ್ಣಿಗೆ ತಕ್ಕಂಗ ಕಟ್ಟಬೇಕು, ತಗೊಳೋರು ಅದರ ಪುರಾವೆ ಕೇಳಬೇಕು.

ಯಾಕ ಬರಬೇಕು ಅಂದ್ರ ಲೆಕ್ಕ ನೋಡ್ರಿ. ನಲವತ್ತು ಮನಿಗೆ 30-40ರ ನಲವತ್ತು ಪ್ಲಾಟ್ ಹಾಕಿದ್ರ ಪ್ಲಾಟೇ 48 ಸಾವಿರ ಚದರ ಅಡಿ. ರೋಡು, ಪಾರ್ಕು ಸೇರಿದ್ರ ಸುಮಾರು ಎರಡು ಎಕರೆ. ಅದೇ ನಲವತ್ತು ಮನಿ, ಕೆಳಗ ಪಾರ್ಕಿಂಗು ಮ್ಯಾಲ ನಾಕು ಮಹಡಿ ಮಾಡಿದ್ರ 20 ಗುಂಟೆಯೊಳಗ ಕೂಡ್ತಾವ. ಎರಡು ಎಕರೆ ಲೇಔಟಿಗೆ ಎಳೆಯೋ ನೀರಿನ ಪೈಪು, ಗಟಾರು, ಬೀದಿ ದೀಪ, ಕಸದ ಗಾಡಿಯ ಡೀಸೆಲ್ಲು, ಎಲ್ಲಾ ನಮ್ಮ ತೆರಿಗಿ ರೊಕ್ಕದಾಗೇ ಆಗೋದು. ರಿಂಗ್ ರೋಡ್ ಹೊರಗ ಹೊಲ ಒಡದು ಪ್ಲಾಟ್ ಮಾಡ್ತಾ ಹೋದ್ರ, ಮಹಾನಗರ ಪಾಲಿಕೆ ಎಷ್ಟು ಪೈಪು ಹಾಕಿದ್ರೂ ಸಾಲೋದಿಲ್ಲ.

ಈಗ "ಸ್ಟೇಷನ್ ಹತ್ರ" ಅನ್ನೋ ಮಾತಿಗೆ ಬರೋಣ. ಮೆಟ್ರೊ, ಲೈಟ್ ರೈಲು ಇರೋ ಊರಾಗ ಆ ಮಾತಿಗೆ ಬೆಲಿ ಅದ. ಅಲ್ಲಿ ಹತ್ತು-ಹದಿನೈದು ನಿಮಿಷಕ್ಕೊಂದು ಗಾಡಿ, ಟೈಮ್ ನೋಡದೇ ಮನಿ ಬಿಡಬಹುದು. ನಮ್ಮದು ಸೋಲಾಪುರ–ವಾಡಿ ಮೇನ್ ಲೈನ್. ದೂರದ ಊರಿಗೆ ಹೋಗೋರಿಗೆ, ಶಹಾಬಾದ್-ವಾಡಿ ಕಡಿ ದಿನಾ ನೌಕರಿಗೆ ಓಡಾಡೋರಿಗೆ ಸ್ಟೇಷನ್ ಹತ್ರ ಮನಿ ಇದ್ರ ಖರೇನೇ ಅನುಕೂಲ. ಬೀದರ್ ಲೈನಿನ ಮಾತು ಬ್ಯಾರೆ. 110 ಕಿಲೋಮೀಟರಿನ ಆ ಹಾದಿ 2017ರ ಅಕ್ಟೋಬರ್ 29ಕ್ಕ ಉದ್ಘಾಟನೆ ಆಯ್ತು. ಆ ಲೈನಿನ ಮಗ್ಗಲ ಯಾರಾದ್ರೂ ರೈಲಿನ ಹೆಸರು ಹೇಳಿ ರೇಟ್ ಏರಿಸಿದ್ರ, ಟೈಮ್‌ಟೇಬಲ್ ತಗೀರಿ. ದಿನಕ್ಕ ಎಷ್ಟು ಗಾಡಿ, ನಿಮ್ಮ ಆಫೀಸಿನ ಹೊತ್ತಿಗೆ ಒಂದಾದ್ರೂ ಅದನೋ ಇಲ್ಲೋ ಎಣಿಸ್ರಿ. ಬರೇ ಹಳಿ ನೋಡಿ ರೊಕ್ಕ ಕೊಡಬ್ಯಾಡ್ರಿ.

ದೂರಾನೂ ಹಂಗೇ. ಮ್ಯಾಪಿನ ಮ್ಯಾಲ ಗೆರಿ ಎಳದು 600 ಮೀಟರ್ ಅಂತಾರ. ಆದ್ರ ಬಿಲ್ಡಿಂಗು ಹಳಿಯ ಆ ಕಡಿ ಇದ್ರ ಬ್ರಿಜ್ ಸುತ್ತಿ ಬರಬೇಕು, ಆವಾಗ 600 ಮೀಟರು ಎರಡು ಕಿಲೋಮೀಟರೂ ಆದೀತು. ಬಿಲ್ಡಿಂಗಿನ ಗೇಟಿನಿಂದ ಸ್ಟೇಷನ್ ಬಾಗಿಲ ತನಕಾ ಮೇ ತಿಂಗಳ ಮಧ್ಯಾಹ್ನ ಒಮ್ಮೆ ನಡದು ನೋಡ್ರಿ. ಹಳಿಗೆ ತೀರಾ ಸನಿಹದ ಬಿಲ್ಡಿಂಗ್ ಇದ್ರ ಇನ್ನೊಂದು ಕಾಗದ ಕೇಳ್ರಿ: ರೈಲ್ವೆ ಗಡಿಯಿಂದ ಸುಮಾರು 30 ಮೀಟರ್ ಒಳಗ ಕಟ್ಟಬೇಕಂದ್ರ ರೈಲ್ವೆ ಇಲಾಖೆಯ ಎನ್‌ಒಸಿ, ಅಂದ್ರ ತಕರಾರಿಲ್ಲ ಅನ್ನೋ ಪತ್ರ ಬೇಕು. ಅದಿಲ್ಲದ ಬಿಲ್ಡಿಂಗಿನ ಕಡಿ ತಲಿ ಹಾಕಬ್ಯಾಡ್ರಿ.

ಇನ್ನ ಮಣ್ಣು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ತೊಗರಿ ಬೆಳೆಯೋ ಈ ಎರಿ ಮಣ್ಣಿನ್ಯಾಗ ಮಾಂಟ್ಮೊರಿಲ್ಲೊನೈಟ್ ಅನ್ನೋ ಜೇಡಿ ಇರ್ತದ. ಅದರ ಪದರ ಪದರದ ನಡು ನೀರು ಹೊಕ್ಕಿ ಕೂಡ್ತದ. ಮಳಿಗಾಲಕ್ಕ ಉಬ್ಬತದ, ಬ್ಯಾಸಿಗಿಗೆ ಕುಗ್ಗತದ, ಕೈ ಹೋಗೋವಷ್ಟು ಬಿರುಕು ಬಿಡ್ತದ. ವರ್ಷಾ ವರ್ಷಾ ಇದೇ ನಡೀತದ. ಮ್ಯಾಲಿನ ಮೂರು-ಮೂರೂವರೆ ಮೀಟರ್‌ನ್ಯಾಗ ಈ ಏರಿಳಿತ ಜೋರು, ಅದರ ಕೆಳಗ ತೇವ ಹೆಚ್ಚುಕಮ್ಮಿ ಸ್ಥಿರ ಇರ್ತದ.

ಎಷ್ಟು ಉಬ್ಬತದ ಅಂತ ನೋಡೋ ಪರೀಕ್ಷಾ ಬಹಳ ಸರಳ. ಒಣಗಿಸಿ ಸಣ್ಣ ಜರಡಿ ಹಿಡದ ಮಣ್ಣು, ಹತ್ತ್ಹತ್ತು ಗ್ರಾಂ, ಎರಡು ಗಾಜಿನ ಅಳತಿ ಕೊಳವಿಯೊಳಗ ಹಾಕ್ತಾರ. ಒಂದರಾಗ ನೀರು, ಇನ್ನೊಂದರಾಗ ಸೀಮೆಎಣ್ಣಿ. ಸೀಮೆಎಣ್ಣಿಯೊಳಗ ಈ ಮಣ್ಣು ಉಬ್ಬೋದಿಲ್ಲ. ಗಾಳಿ ಗುಳ್ಳಿ ಹೋಗೋಹಂಗ ಕಲಕಿ 24 ತಾಸು ಬಿಡ್ತಾರ. ಮರುದಿನ ಸೀಮೆಎಣ್ಣಿಯೊಳಗಿನ ಮಣ್ಣು 10 ಮಿಲಿ ಗೆರಿಗೆ, ನೀರಿನೊಳಗಿಂದು 17ಕ್ಕ ನಿಂತದ ಅಂತಿಟ್ಟುಕೊಳ್ರಿ. ಅಂದ್ರ 70 ಪರ್ಸೆಂಟ್ ಉಬ್ಬದ. ಇದಕ್ಕ ಫ್ರೀ ಸ್ವೆಲ್ ಇಂಡೆಕ್ಸ್ ಅಂತಾರ. 50 ದಾಟಿದ್ರ ಭಾರಿ ಉಬ್ಬೋ ಮಣ್ಣು ಅಂತಲೇ ಲೆಕ್ಕ.

ಮಣ್ಣಿನ ರಿಪೋರ್ಟ್‌ದಾಗ ಈ ಅಂಕಿ ಇರಬೇಕು. ಎಷ್ಟು ಕಡಿ ಕೊರದಾರ, ಮುರಮ್ (ಎರಿ ಕೆಳಗಿನ ಗಟ್ಟಿ ಗರಸು ಮಣ್ಣು) ಇಲ್ಲಾ ಬಂಡಿಗಲ್ಲು ಎಷ್ಟು ಆಳಕ್ಕ ಸಿಕ್ಕದ, ಯಾವ ಆಳಕ್ಕ ಎಷ್ಟು ಭಾರ ತಡೀತದ ಅನ್ನೋದೂ ಇರಬೇಕು. ಒಂದು ಎಕರೆ ಜಾಗಕ್ಕ ನಾಕು ಮೂಲಿಗೆ ನಾಕು, ನಡುವ ಒಂದು, ಒಟ್ಟು ಐದು ಕಡಿ ನೋಡಬೇಕು ಅಂತ ಭಾರತೀಯ ಮಾನಕದಾಗ ಅದ. 20 ಗುಂಟೆಗೆ ನಾವಂತೂ ಮೂರಕ್ಕಿಂತ ಕಡಿಮಿ ಒಪ್ಪೋದಿಲ್ಲ. ಒಂದೇ ಜಾಗದಾಗ ಒಂದು ಮೂಲ್ಯಾಗ ಒಂದೂವರೆ ಮೀಟರ್‌ಗೆ ಮುರಮ್, ಇನ್ನೊಂದು ಮೂಲ್ಯಾಗ ಮೂರು ಮೀಟರ್‌ಗೂ ಬರೇ ಎರಿ ಸಿಗಬಹುದು.

ರಿಪೋರ್ಟ್ ಕೈಗೆ ಬಂದ ಮ್ಯಾಲ ಅದರ ಮಗ್ಗಲಕ್ಕ ಸ್ಟ್ರಕ್ಚರಲ್ ಡ್ರಾಯಿಂಗ್, ಅಂದ್ರ ಪಾಯ-ಕಂಬ-ತೊಲಿಯ ಅಳತಿ ಇರೋ ನಕ್ಷೆ ಇಡ್ರಿ. ರಿಪೋರ್ಟು ಮುರಮ್ 2.4 ಮೀಟರ್‌ಗೆ ಸಿಕ್ಕದ ಅಂದ್ರ, ಡ್ರಾಯಿಂಗ್‌ನ್ಯಾಗ ಪಾಯ 1.5 ಮೀಟರ್ ಅಂತ ಇರಬಾರದು. ಇಂಜಿನಿಯರ್ ಓದಿರಬೇಕಂತಿಲ್ಲ, ಎರಡು ಅಂಕಿ ಹೋಲಿಸಿದ್ರ ಸಾಕು. ಎರಿ ಬಹಳ ಆಳ ಇದ್ರ ಅಂಡರ್-ರೀಮ್ಡ್ ಪೈಲ್ ಹಾಕ್ತಾರ, ಅಂದ್ರ ತಳದಾಗ ದಪ್ಪ ಗಡ್ಡಿ ಇರೋ ಕಾಂಕ್ರೀಟ್ ಕಂಬ. ಅಂಥಲ್ಲಿ ಪೈಲಿನ ಮ್ಯಾಲಿನ ತೊಲಿ ನೆಲಕ್ಕ ತಾಕಬಾರದು, ಕೆಳಗ ಕಮ್ಮೀತ ಕಮ್ಮಿ 80 ಮಿಲಿಮೀಟರ್ ಸಂದು ಬಿಡಬೇಕು. ಬಿಡಲಿಲ್ಲಂದ್ರ ಉಬ್ಬೋ ಮಣ್ಣು ತೊಲೀನೇ ಎತ್ತತದ.

ಕಂಬದ ಪಾಯ ಸರಿ ಮಾಡಿದೋರೂ ಎಡವೋ ಜಾಗ ಇನ್ನೊಂದದ: ಭರ್ತಿ. ಪಾಯ ತೋಡಿದಾಗ ಬಂದ ಎರಿ ಮಣ್ಣು ಅಲ್ಲೇ ಗುಡ್ಡಿ ಬಿದ್ದಿರ್ತದ. ಹೊರಗಿಂದ ಮುರಮ್ ತರಿಸಬೇಕಂದ್ರ ಟಿಪ್ಪರಿಗೆ ಖರ್ಚು. ಅದಕ್ಕ ಅದೇ ಎರೀನ ವಾಪಸ್ ತಳ್ಳಿ ಮ್ಯಾಲ ಕಾಂಕ್ರೀಟ್ ಬಡೀತಾರ. ಕಂಬ ಬಂಡಿಗಲ್ಲಿನ ಮ್ಯಾಲ ನಿಂತದ, ಅಲುಗೋದಿಲ್ಲ. ಆದ್ರ ಪಾರ್ಕಿಂಗಿನ ನೆಲ, ಕಂಪೌಂಡ್ ಗ್ವಾಡಿ, ಸಂಪು, ಮೋರಿ ಪೈಪು, ಇವೆಲ್ಲಾ ಎರಿ ಮ್ಯಾಲೇ ಕೂತಿರ್ತಾವ. ಬಿಲ್ಡಿಂಗಿನಿಂದ ಪೈಪು ಹೊರಗ ಬರೋ ಜಾಗದಾಗ ಒಂದು ತುದಿ ಅಲುಗಂಗಿಲ್ಲ, ಇನ್ನೊಂದು ತುದಿ ಮಣ್ಣಿನ ಜೋಡಿ ಏರಿಳೀತದ. ಜಾಯಿಂಟ್ ಬಿಡ್ತದ, ನೀರು ಸೋರ್ತದ, ಸೋರಿದಲ್ಲಿ ಮಣ್ಣು ಇನ್ನಷ್ಟು ಉಬ್ಬತದ, ಮತ್ತ ಪೈಪು ಮುರೀತದ. ಹೊಸ ಬಿಲ್ಡಿಂಗಿನ ಪಾರ್ಕಿಂಗಿನ್ಯಾಗ ಫರಸಿ ಎದ್ದು ನಿಂತಿದ್ರ, ಕಂಪೌಂಡ್ ಗ್ವಾಡಿ ಮೆಟ್ಟಲು ಮೆಟ್ಟಲಾಗಿ ಸೀಳಿದ್ರ, ಬಹುತೇಕ ಕಾರಣ ಇದೇ.

ಅದಕ್ಕ ಕೆಲಸ ನಡದಾಗ ಸೈಟಿಗೆ ಹೋಗಿ ಭರ್ತಿಗೆ ಯಾವ ಮಣ್ಣು ಬೀಳ್ತದ ನೋಡ್ರಿ. ಕೆಂಪು-ಕಂದು ಮುರಮ್ ಇರಬೇಕು. 200–250 ಮಿಲಿಮೀಟರಿನ ಪದರ ಹಾಕಿ, ನೀರು ಹೊಡದು, ರೋಲರ್ ಓಡಿಸಿ, ಆಮ್ಯಾಲ ಮುಂದಿನ ಪದರ. ಒಂದೇ ಸಲಕ್ಕ ಒಂದು ಮೀಟರ್ ಸುರುವಿದ್ರ ಮೊದಲ ಮಳಿಗೇ ಕುಸೀತದ. ಬಿಲ್ಡಿಂಗಿನ ಸುತ್ತ ಮೀಟರಿಗೂ ಮೀರಿ ಅಗಲದ, ಹೊರಗ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಇರಬೇಕು, ಮಳಿ ನೀರು ಪಾಯದ ಬುಡಕ್ಕ ಇಳೀಬಾರದು. ಚಂದ ಕಾಣಲಿ ಅಂತ ಗ್ವಾಡಿಗೆ ಹತ್ತಿ ಲಾನ್ ಮಾಡಿ ದಿನಾ ನೀರು ಬಿಡೋದು, ಅರಳಿಯಂಥಾ ದೊಡ್ಡ ಗಿಡ ಹಚ್ಚೋದು, ಎರಡೂ ಇಲ್ಲಿ ನಡೆಯೋದಿಲ್ಲ.

ನೀರಿನ ಲೆಕ್ಕ ಕೇಳ್ರಿ. ಒಬ್ಬರಿಗೆ ದಿನಕ್ಕ 135 ಲೀಟರ್ ಅನ್ನೋದು ಪ್ರಮಾಣ. ನಲವತ್ತು ಮನಿ, ಮನಿಗೆ ಐದು ಮಂದಿ, ದಿನಕ್ಕ 27 ಸಾವಿರ ಲೀಟರ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಾಗ ಐದೂವರೆ ಟ್ಯಾಂಕರ್. ನಳದ ನೀರು ದಿನಾ ಬರದಿರೋ ಓಣಿ ಇದ್ರ ಸಂಪು ಕಮ್ಮೀತ ಕಮ್ಮಿ 54 ಸಾವಿರ ಲೀಟರಿಂದು ಬೇಕು, ಬೆಂಕಿ ಆರಿಸೋ ನೀರು ಬ್ಯಾರೆ. "ಬೋರ್ ಅದ" ಅಂದ್ರ ಸಾಕಾಗೋದಿಲ್ಲ. ಏಪ್ರಿಲ್-ಮೇದಾಗ ತಾಸಿಗೆ ಎಷ್ಟು ಲೀಟರ್ ಬರ್ತದ ಅಂತ ಕೇಳಿ ಬರಸ್ಕೊಳ್ರಿ.

ಮಾಳಗಿ ನೀರು ಹಿಡಿಯೋದು ಚಲೋ, ಆದ್ರ ಅದರ ಮಿತಿ ತಿಳಕೊಳ್ರಿ. ಸಾವಿರ ಚದರ ಮೀಟರ್ ಮಾಳಗಿ, ವರ್ಷಕ್ಕ 750 ಮಿಲಿಮೀಟರ್ ಮಳಿ, ಅದರಾಗ ಎಂಬತ್ತು ಪರ್ಸೆಂಟ್ ಹಿಡದ್ರೂ ಆರು ಲಕ್ಷ ಲೀಟರ್. ನಲವತ್ತು ಮನಿಗೆ ಇಪ್ಪತ್ತೆರಡು ದಿನದ ನೀರು. ಆ ನೀರನ್ನ ಇಂಗುಗುಂಡಿಗೆ ಬಿಡೋದಿದ್ರ ಗುಂಡಿ ಎರಿ ದಾಟಿ ಮುರಮ್‌ಗೆ ಇಳಿದಿರಬೇಕು, ಪಾಯದಿಂದ ದೂರ ಇರಬೇಕು. ಎರಿಯೊಳಗ ನೀರು ಇಂಗೋದಿಲ್ಲ, ನಿಂತು ಮಣ್ಣು ಉಬ್ಬಸ್ತದ. ಪಾಲಿಕೆಯ ಷರತ್ತು ಪೂರೈಸಲಿಕ್ಕೆ ಅಂತ ಕಂಬದ ಮಗ್ಗಲದಾಗೇ ಎರಡು ಮೀಟರ್ ಗುಂಡಿ ತೋಡಿ ಜಲ್ಲಿ ತುಂಬೋದು ಬಿಲ್ಡಿಂಗಿಗೇ ಕೇಡು.

ಬಿಸಲಿನ ಬಗ್ಗೆ ಎರಡೇ ಮಾತು. ಮೇ ತಿಂಗಳು 42–43 ಡಿಗ್ರಿ ಕಾಣೋ ಊರಾಗ ಪಡುವಣ ಗ್ವಾಡಿಗೆ ಬೆಡ್‌ರೂಮ್ ಇಟ್ಟು, ಅದಕ್ಕ 4 ಇಂಚಿನ ಬ್ಲಾಕು ಹಾಕಿದ್ರ ರಾತ್ರಿ ಹನ್ನೊಂದರ ತನಕಾ ಗ್ವಾಡಿ ಕಾದಿರ್ತದ. ಇಳಿಹೊತ್ತಿನ ಬಿಸಲು ಓರಿಯಾಗಿ ಬರ್ತದ, ಛಜ್ಜಾ ಅದನ್ನ ತಡಿಯೋದಿಲ್ಲ. ಆ ಮಗ್ಗಲ ಮೆಟ್ಟಲು, ಬಚ್ಚಲ, ಬಟ್ಟಿ ಒಗಿಯೋ ಬಾಲ್ಕನಿ ಇರೋ ಪ್ಲ್ಯಾನ್ ಆರಿಸ್ರಿ, ಹೊರಗಿನ ಗ್ವಾಡಿ 8 ಇಂಚಿಂದು ಇರಲಿ. ಮ್ಯಾಲಿನ ಮಹಡಿ ತಗೊಳೋರು ಮಾಳಗಿಗೆ ಬಿಳಿ ಚೀನಾ ಮೊಸಾಯಿಕ್ (ಟೈಲ್ಸ್ ಚೂರಿನ ಹಾಸು) ಹಾಕ್ತಾರೋ ಇಲ್ಲೋ ಕೇಳ್ರಿ.

ಕಾಗದಪತ್ರದ ಮಾತು ಬಹಳ ಮಂದಿ ಹೇಳ್ಯಾರ, ಬೇಗ ಮುಗಸ್ತೀವಿ. ಜಾಗ 500 ಚದರ ಮೀಟರ್, ಮನಿ ಎಂಟು ದಾಟಿದ್ರ ರೇರಾ (ಮನಿ ತಗೊಳೋರ ರಕ್ಷಣೆಗೆ ಇರೋ ಕಾಯ್ದೆ) ನೋಂದಣಿ ಬೇಕೇ ಬೇಕು. ಕರಾರು ನೋಂದಣಿ ಆಗೋ ಮೊದಲ ಹತ್ತು ಪರ್ಸೆಂಟಿಗಿಂತ ಹೆಚ್ಚು ಅಡ್ವಾನ್ಸ್ ಕೊಡಬ್ಯಾಡ್ರಿ. ರೇಟು ಕಾರ್ಪೆಟ್ ಏರಿಯಾದ (ಮನಿಯೊಳಗ ಬಳಸಲಿಕ್ಕೆ ಸಿಗೋ ಜಾಗದ) ಮ್ಯಾಲ ಹಚ್ರಿ. ಕಟ್ಟೋ ಹಂತದಾಗ ತಗೊಂಡ್ರ, ಬೆಲಿ 45 ಲಕ್ಷದೊಳಗ, ಕಾರ್ಪೆಟ್ 90 ಚದರ ಮೀಟರ್ ಒಳಗ ಎರಡೂ ಇದ್ರ ಜಿಎಸ್‌ಟಿ ಒಂದು ಪರ್ಸೆಂಟ್, ಇಲ್ಲಂದ್ರ ಐದು. ಓಸಿ (ವಾಸ ಮಾಡಬಹುದು ಅನ್ನೋ ಸರ್ಟಿಫಿಕೇಟ್) ಬರದೇ ಕೀಲಿ ತಗೊಳಬ್ಯಾಡ್ರಿ.

ರೇರಾದಾಗ ಇನ್ನೊಂದು ಕಲಮು ಎರಿ ಊರಿನೋರಿಗೆ ಬಹಳ ಮುಖ್ಯ. ಮನಿ ಕೈಗೆ ಬಂದ ಐದು ವರ್ಷದೊಳಗ ಕಟ್ಟಡದ ದೋಷ ಕಂಡ್ರ, ತಿಳಿಸಿದ 30 ದಿನದಾಗ ಬಿಲ್ಡರ್ ಪುಕ್ಕಟ ರಿಪೇರಿ ಮಾಡಿ ಕೊಡಬೇಕು. ಎರಿಯ ಬಿರುಕು ಮೊದಲ ವರ್ಷ ಕಾಣದೇನೂ ಇರಬಹುದು, ಎರಡು-ಮೂರು ಬ್ಯಾಸಿಗಿ-ಮಳಿಗಾಲ ದಾಟಿದ ಮ್ಯಾಲ ಬಾಯಿ ಬಿಡ್ತದ. ಬಿರುಕು ಕಂಡ ದಿನಾನೇ ಅದರ ಎರಡೂ ತುದಿಗೆ ಪೆನ್ಸಿಲ್ ಗೆರಿ ಎಳದು ತಾರೀಖು ಬರೀರಿ, ಅಡ್ಡಕ್ಕ ಒಂದು ತೆಳ್ಳನ ಗಾಜಿನ ಪಟ್ಟಿ ಅಂಟಸ್ರಿ. ಗಾಜು ಒಡದ್ರ ಗ್ವಾಡಿ ಇನ್ನೂ ಅಲುಗಲಕತ್ತದ ಅಂತ ಅರ್ಥ, ಬರೇ ಪ್ಲಾಸ್ಟರ್ ಬಿರುಕಲ್ಲ. ಫೋಟೊ ತಗೊಂಡು, ಫೋನಿನ್ಯಾಗ ಹೇಳಿ ಬಿಡದೇ, ಸ್ಪೀಡ್ ಪೋಸ್ಟಿನ್ಯಾಗ ಬರದು ಕಳಸ್ರಿ. ಪುಟ್ಟಿ ಹಚ್ಚಿ ಬಣ್ಣ ಬಳದು ಹೋದ್ರ ಒಪ್ಪಬ್ಯಾಡ್ರಿ, ಪಾಯದ ಹತ್ರ ನೀರು ಎಲ್ಲಿಂದ ಬರ್ತದ ಅಂತ ಹುಡುಕಿಸ್ರಿ.

ಮಹಾನಗರ ಪಾಲಿಕೆಗೆ, ನಗರಾಭಿವೃದ್ಧಿ ಪ್ರಾಧಿಕಾರಕ್ಕ ನಮ್ಮದೊಂದು ಬೇಡಿಕಿ. ಅಪಾರ್ಟ್‌ಮೆಂಟಿನ ನಕ್ಷೆ ಮಂಜೂರು ಮಾಡುವಾಗ ಮಣ್ಣಿನ ರಿಪೋರ್ಟನ್ನ ಫೈಲಿನ್ಯಾಗ ಮುಚ್ಚಿಡದೇ, ಮಂಜೂರಾದ ನಕ್ಷೆ ಜೋಡಿ ಸೈಟಿನ ಬೋರ್ಡಿನ ಮ್ಯಾಲ ಹಾಕಸ್ರಿ: ಮುರಮ್ ಎಷ್ಟು ಆಳಕ್ಕ ಸಿಕ್ಕದ, ಪಾಯ ಎಷ್ಟು ಆಳ ಹಾಕ್ಯಾರ. ಎರಡೇ ಸಾಲು. ಭರ್ತಿ ಮಾಡೋ ಮೊದಲ ನಿಮ್ಮ ಇಂಜಿನಿಯರ್ ಒಬ್ಬರು ಬಂದು ತೋಡಿದ ಪಾಯದ ತಳ ನೋಡಿ ಸಹಿ ಮಾಡಲಿ. ಭರ್ತಿ ಆದ ಮ್ಯಾಲ ಅದನ್ನ ಯಾರಿಗೂ ನೋಡಲಿಕ್ಕೆ ಆಗೋದಿಲ್ಲ.