ಕ್ಯಾಬಿನೆಟ್ ಬಾಗಿಲಿನ ಒಳಮುಖವನ್ನು ಮರೆತರೆ ಏನಾಗುತ್ತದೆ?

[ಪರದೆಯ ಮೇಲೆ: ಹೊಸ ಲ್ಯಾಮಿನೇಟ್ ಹೊದ್ದ ಬಾಗಿಲು. ಅಡ್ಡಲಾಗಿ ಇಟ್ಟ ಉಕ್ಕಿನ ಅಳತೆಪಟ್ಟಿಯ ಕೆಳಗಿನಿಂದ ಬೆಳಕು ತೂರಿ ಬರುತ್ತಿದೆ.]

ನಮಸ್ಕಾರ. ಅಡುಗೆಮನೆಯ ಕ್ಯಾಬಿನೆಟ್‌ಗಳ ಪೆಟ್ಟಿಗೆ ಗಟ್ಟಿಯಾಗಿದ್ದು ಹೊರಮೈ ಮಾತ್ರ ಮಾಸಿದ್ದರೆ, ಎಲ್ಲವನ್ನೂ ಕಿತ್ತುಹಾಕದೆ ಕಾಣುವ ಮುಖಗಳಿಗಷ್ಟೇ ಹೊಸ ಹೊದಿಕೆ ಕೊಡಬಹುದು ಎಂಬುದು ನಿಮಗೆ ತಿಳಿದೇ ಇದೆ. ನಾನು ಬೆನ್ನು ಹತ್ತಿದ್ದು ವೀಕ್ಷಕರು ಕೇಳುತ್ತಲೇ ಇರುವ ಇನ್ನೊಂದು ಪ್ರಶ್ನೆಯನ್ನು: ಹಳೆಯ ಬಾಗಿಲಿಗೆ ಒಳ್ಳೆಯ ಲ್ಯಾಮಿನೇಟ್ ಅಂಟಿಸಿದ ಮೇಲೂ ಅದು ಸೊಟ್ಟಗಾಗುವುದೇಕೆ?

[ಪರದೆಯ ಮೇಲೆ: ಲ್ಯಾಮಿನೇಟ್ ಹಾಳೆಯ ಕತ್ತರಿಸಿದ ಅಂಚು, ಬಹಳ ಹತ್ತಿರದಿಂದ.]

ಪ್ಲಾಸ್ಟಿಕ್ಕಿನಂತೆ ಕಾಣುವ ಈ ಹಾಳೆಯ ಬಹುಪಾಲು ಕಾಗದ. ಫೀನಾಲಿಕ್ ರಾಳದಲ್ಲಿ ನೆನೆಸಿದ ಕಂದು ಕಾಗದದ ಪದರಗಳ ಮೇಲೆ ಮೆಲಮೈನ್ ರಾಳ ಹೀರಿದ ಬಣ್ಣದ ಕಾಗದವನ್ನಿಟ್ಟು, ಶಾಖ ಮತ್ತು ಭಾರೀ ಒತ್ತಡದಲ್ಲಿ ಒಂದಾಗಿಸಿರುತ್ತಾರೆ. 1912ರಲ್ಲಿ ಅಮೆರಿಕದ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ರಾಳದ ಪದರಗಳ ಇಂತಹ ಹಾಳೆಯನ್ನು ರೂಪಿಸಿದ್ದು ವಿದ್ಯುತ್ ಉಪಕರಣಗಳ ನಿರೋಧಕವಾಗಿ. ಪೀಠೋಪಕರಣಗಳಿಗೆ ಅದು ಬಂದದ್ದು ಆಮೇಲೆ. ಎಷ್ಟೇ ಗಟ್ಟಿಯಾದರೂ ಕಾಗದದ ಗುಣ ಅದನ್ನು ಬಿಟ್ಟಿಲ್ಲ: ಗಾಳಿಯಲ್ಲಿ ತೇವ ಹೆಚ್ಚಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ.

ಪುಸ್ತಕ ಕಟ್ಟುವವರು ಇದನ್ನು ಚೆನ್ನಾಗಿ ಬಲ್ಲರು. ರಟ್ಟಿನ ಒಂದೇ ಬದಿಗೆ ಗೋಂದು ಹಚ್ಚಿ ಕಾಗದ ಮೆತ್ತಿದರೆ, ಒಣಗುವ ಕಾಗದ ಕುಗ್ಗುತ್ತಾ ರಟ್ಟನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಇನ್ನೊಂದು ಬದಿಗೂ ಕಾಗದ ಬಿದ್ದಾಗ ಎರಡು ಎಳೆತಗಳು ಸರಿದೂಗಿ ರಟ್ಟು ನೆಟ್ಟಗಾಗುತ್ತದೆ. ಬಾಗಿಲಿನಲ್ಲಿ ನಡೆಯುವುದೂ ಇದೇ. ಹೊರಮುಖಕ್ಕೆ ಲ್ಯಾಮಿನೇಟ್ ಬಿದ್ದು ಒಳಮುಖ ಬರಿದಾಗಿ ಉಳಿದರೆ, ಒಳಗಿನ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಅಥವಾ ಪ್ಲೈವುಡ್ ಒಂದೇ ಕಡೆಯಿಂದ ತೇವವನ್ನು ಸಲೀಸಾಗಿ ಹೀರುತ್ತದೆ, ಬಿಡುತ್ತದೆ. ಎರಡು ಮುಖಗಳ ಚಲನೆ ಬೇರೆಬೇರೆಯಾಗಿ ಹಲಗೆ ಬಾಗುತ್ತದೆ. ಪೆಟ್ಟಿಗೆಯ ಬದಿಹಲಗೆಗೆ ಈ ಕಾಟ ಕಡಿಮೆ, ಏಕೆಂದರೆ ಅದನ್ನು ಸುತ್ತಲಿನ ಹಲಗೆಗಳು ಬಿಗಿಹಿಡಿದಿರುತ್ತವೆ. ಕೇವಲ ಹಿಂಜ್‌ಗಳ ಮೇಲೆ ತೂಗುವ ಬಾಗಿಲಿಗೆ ಅಂತಹ ಆಸರೆಯಿಲ್ಲ.

ಆದ್ದರಿಂದ ಹೊರಗೆ ಏನು ಹಾಕುತ್ತೀರಿ ಎನ್ನುವುದಕ್ಕಿಂತ ಮೊದಲು, ಒಳಗೆ ಏನು ಹಾಕುತ್ತೀರಿ ಎಂದು ಕೇಳಿ. ಅಷ್ಟೇ ದಪ್ಪದ, ಅದೇ ಜಾತಿಯ ಹಾಳೆಯಾದರೆ ಉತ್ತಮ. ಇನ್ನೊಂದು ಸೂಕ್ಷ್ಮವಿದೆ, ನನಗೆ ಬಹಳ ಹಿಡಿಸಿದ್ದು ಇದೇ: ಈ ಹಾಳೆ ಉದ್ದಕ್ಕಿಂತ ಅಡ್ಡಕ್ಕೆ ಸುಮಾರು ಎರಡು ಪಟ್ಟು ಹೆಚ್ಚು ಹಿಗ್ಗುತ್ತದೆ, ಕುಗ್ಗುತ್ತದೆ. ಮಿಕ್ಕ ತುಂಡನ್ನು ತಿರುಗಿಸಿ ಒಳಮುಖಕ್ಕೆ ಹೊಂದಿಸಿದರೆ ಎರಡೂ ಬದಿ ಹೊದಿಸಿದ ಬಾಗಿಲೂ ತಿರುಚಿಕೊಳ್ಳಬಹುದು. ಹಾಳೆಯ ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿದ ಸಣ್ಣ ಗೆರೆಗಳು ಕಾಣುತ್ತವೆ. ಎರಡೂ ಮುಖಗಳಲ್ಲಿ ಆ ಗೆರೆಗಳು ಒಂದೇ ದಿಕ್ಕಿಗಿರಲಿ.

[ಪರದೆಯ ಮೇಲೆ: ವೆನಿಯರ್, ಪಿವಿಸಿ ಮೆಂಬ್ರೇನ್, ಗಟ್ಟಿ ಮರ.]

ಉಳಿದ ಸಾಮಗ್ರಿಗಳನ್ನು ಬೇಗ ನೋಡಿಬಿಡೋಣ. ನಿಜವಾದ ಮರದ ತೆಳುಪದರವಾದ ವೆನಿಯರ್‌ಗೂ ಎರಡು ಮುಖಗಳ ನಿಯಮವೇ ಅನ್ವಯಿಸುತ್ತದೆ, ಜೊತೆಗೆ ನೀರು ತಡೆಯುವ ಪಾಲಿಶ್ ಬೇಕು. ಎಂಡಿಎಫ್ ಮೇಲೆ ನಿರ್ವಾತದಲ್ಲಿ ಎಳೆದು ಕೂರಿಸುವ ಪಿವಿಸಿ ಮೆಂಬ್ರೇನ್ ಎಂಬ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಖ ಮತ್ತು ಅಂಚಿನ ನಡುವೆ ಸಂದೇ ಇರುವುದಿಲ್ಲ. ಆದರೆ ಅದಕ್ಕೆ ಶಾಖ ಆಗದು, ಓವನ್ ಪಕ್ಕದಲ್ಲಿ ಅದು ಅಂಟು ಬಿಟ್ಟು ಸುಲಿದುಕೊಳ್ಳಬಹುದು. ಗಟ್ಟಿ ಮರದ ಬಾಗಿಲು ಬೇಕೆನ್ನುವವರು ನಡುವಿನ ಹಲಗೆಗೆ ಅಂಟು ಹಾಕದೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಿಸಿದ್ದನ್ನೇ ಆರಿಸಲಿ, ಏಕೆಂದರೆ ಮರ ಅಡ್ಡಕ್ಕೆ ಹಿಗ್ಗಿದಾಗ ಅದಕ್ಕೆ ಜಾಗ ಬೇಕಾಗುತ್ತದೆ.

ಸಿಂಕಿನ ಕೆಳಗಿನ ಬಾಗಿಲುಗಳಿಗೆ ತೇವ ತಾಳುವ ಹಲಗೆಯನ್ನೂ, ಅಂಚುಪಟ್ಟಿಗೆ ಬಿಸಿ ಮತ್ತು ನೀರಿಗೆ ಬಗ್ಗದ ಪಾಲಿಯುರೆಥೇನ್ ಅಂಟನ್ನೂ ಕೇಳಿ ಪಡೆಯಿರಿ. ಎಂಡಿಎಫ್ ನೀರು ಕುಡಿದು ಉಬ್ಬುವುದು ಅಂಚಿನಿಂದಲೇ. ಹಳೆಯ ಬಾಗಿಲನ್ನೇ ಉಳಿಸಿಕೊಳ್ಳುವುದಾದರೆ ಸಂದುಗಳನ್ನು ಅಳೆದು ನೋಡಿ. ಅಕ್ಕಪಕ್ಕದ ಎರಡು ಬಾಗಿಲುಗಳ ನಡುವೆ ಈಗ 3 ಮಿಲಿಮೀಟರ್ ಇದ್ದು, ಎರಡರ ಅಂಚಿಗೂ 1 ಮಿಲಿಮೀಟರ್ ಪಟ್ಟಿ ಬಿದ್ದರೆ, ಉಳಿಯುವುದು 1 ಮಿಲಿಮೀಟರ್ ಮಾತ್ರ. ಅಷ್ಟು ಕಿರಿದಾದ ಸಂದಿನಲ್ಲಿ ಬಾಗಿಲುಗಳು ಒಂದಕ್ಕೊಂದು ಉಜ್ಜಬಹುದು, ಆದ್ದರಿಂದ ಪಟ್ಟಿ ಅಂಟಿಸುವ ಮೊದಲೇ ಅಂಚನ್ನು ಪಟ್ಟಿಯ ದಪ್ಪದಷ್ಟು ಕೆತ್ತಿಸಿಕೊಳ್ಳಿ.