ಯಾವ ತಾರೀಖಿನಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಸೋದರಮಾವ ಸೇನೆಯ ಫಿರಂಗಿದಳದಲ್ಲಿದ್ದರು. ಹದಿನೇಳು ವರ್ಷದ ಸೇವೆ ಮುಗಿಸಿ 1991ರಲ್ಲಿ ಮನೆಗೆ ಬಂದಾಗ ಅವರ ಎರಡೂ ಕಿವಿ ಮಂದವಾಗಿದ್ದವು. ಕೆಲವು ತಿಂಗಳ ಮೇಲೆ ಕಂದು ಲಕೋಟೆಯಲ್ಲಿ ಒಂದು ಇಂಗ್ಲಿಷ್ ಕಾಗದ ಬಂತು. ನಾನಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ, ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ‘‘ಕೇಳಿಸಲಿಲ್ಲ ಕಣಮ್ಮ, ಇನ್ನೊಂದ್ಸಲ ಹೇಳು, ಗಟ್ಟಿಯಾಗಿ’’ ಅಂದರು. ಕಿವಿಯ ಹತ್ತಿರ ಬಗ್ಗಿ ಕೂಗಿದೆ: ‘‘ಮಾವ, ನಿಮ್ಮ ಕಿವಿ ಕೇಳಿಸದೆ ಇರೋದಕ್ಕೂ ಮಿಲಿಟರಿ ಕೆಲಸಕ್ಕೂ ಸಂಬಂಧ ಇಲ್ವಂತೆ!’’

ಮಾವ ಕಾಗದ ಇಸಕೊಂಡರು. ಮೊದಲಿದ್ದ ಮಡಿಕೆಯ ಗೆರೆಯಲ್ಲೇ ಮಡಚಿ ಟ್ರಂಕಿನ ತಳಕ್ಕೆ ಇಟ್ಟರು. ಆಮೇಲೆ ಎಷ್ಟೋ ವರ್ಷ ಆ ಮಾತು ಎತ್ತಲಿಲ್ಲ.

ಆ ಕಾಗದದಲ್ಲಿದ್ದ ಒಕ್ಕಣೆ ಸಾವಿರಾರು ಮಾಜಿ ಸೈನಿಕರಿಗೆ ಬಾಯಿಪಾಠವಾಗಿದೆ. ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂಬ ಒಂದೇ ಸಾಲು. ಇದನ್ನು ಬರೆಯುವುದು ನಿವೃತ್ತಿಯ ಹೊತ್ತಿನಲ್ಲಿ ಪರೀಕ್ಷೆ ಮಾಡುವ ವೈದ್ಯಕೀಯ ಮಂಡಳಿ. ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಊನ ಕನಿಷ್ಠ ಶೇಕಡಾ 20 ಇರಬೇಕು, ಜೊತೆಗೆ ಅದು ಸೇವೆಗೆ ಸಂಬಂಧಪಟ್ಟಿರಬೇಕು. ಮಾವನಿಗೆ ಶೇಕಡಾ 20 ಎಂದು ಬರೆದಿದ್ದರು. ಆ ಒಂದು ಸಾಲು ಎರಡನೆಯ ಷರತ್ತನ್ನು ಹೊಡೆದು ಹಾಕಿತ್ತು.

ಈ ಸಾಲಿನ ಬಲವನ್ನು ತಗ್ಗಿಸಿದ್ದು ಧರಂವೀರ್ ಸಿಂಗ್ ಪ್ರಕರಣ. ಅವರು 1985ರಲ್ಲಿ ಸಿಗ್ನಲ್ ದಳಕ್ಕೆ ಸಿಪಾಯಿಯಾಗಿ ಸೇರಿದವರು. ಸುಮಾರು ಒಂಬತ್ತು ವರ್ಷದ ಮೇಲೆ, 1994ರಲ್ಲಿ, ಮೂರ್ಛೆರೋಗವೆಂದು ಅವರನ್ನು ಸೇವೆಯಿಂದ ಕಳಿಸಿದರು. ಕಾಯಿಲೆ ಹುಟ್ಟುಗುಣದ್ದು, ಸೇನೆಗೆ ಸಂಬಂಧವಿಲ್ಲ ಎಂದರು. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ತಿರುಳು ಯಾರಿಗಾದರೂ ಅರ್ಥವಾಗುವಂಥದ್ದು. ಭರ್ತಿಯಾಗುವಾಗ ಆಳನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತೀರಿ. ಆಗ ಕಾಯಿಲೆಯ ಬಗ್ಗೆ ಏನೂ ಬರೆದಿಲ್ಲವೆಂದರೆ ಆತ ಆರೋಗ್ಯವಾಗಿದ್ದ ಎಂದೇ ಭಾವಿಸಬೇಕು. ಆಮೇಲೆ ಬಂದ ಕಾಯಿಲೆ ಸೇವೆಯದ್ದಲ್ಲ ಎನ್ನುವುದಾದರೆ ಅದನ್ನು ಸಾಬೀತು ಮಾಡುವ ಹೊಣೆ ಸೈನಿಕನದ್ದಲ್ಲ. ಸಂಶಯವಿದ್ದರೆ ಅದರ ಲಾಭ ಸೈನಿಕನಿಗೇ. ಕಾರಣ ಕೊಡದೆ ಬರೆದ ಒಂದು ಸಾಲು ಸಾಕಾಗುವುದಿಲ್ಲ.

ಇದರ ಬೆನ್ನಿಗೆ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದ ತೀರ್ಪು ಬಂತು. ಇಲ್ಲಿ ಸ್ವಲ್ಪ ಲೆಕ್ಕ ಇದೆ, ದಯವಿಟ್ಟು ಗಮನವಿಟ್ಟು ಕೇಳಿ. ಊನದ ಪ್ರಮಾಣವನ್ನು ಮೇಲಿನ ಹಂತಕ್ಕೆ ಏರಿಸಿ ಲೆಕ್ಕ ಹಾಕುವ ಸೌಲಭ್ಯ 1996ರ ಜನವರಿ 1ರಿಂದ ಇತ್ತು. ಶೇಕಡಾ 20ರಿಂದ 49ರವರೆಗೆ ಇದ್ದರೆ 50, ಅದರ ಮೇಲೆ 75, ಇನ್ನೂ ಮೇಲೆ 100. ಆದರೆ ಅದು ಕಾಯಿಲೆಯ ಕಾರಣಕ್ಕೆ ಅವಧಿಗೆ ಮೊದಲೇ ಹೊರಬಿದ್ದವರಿಗೆ ಮಾತ್ರ ಎಂದು ಸರ್ಕಾರ ಹಿಡಿದು ಕೂತಿತ್ತು. ಅವಧಿ ಮುಗಿಸಿ ಬಂದವರಿಗೂ ಅದು ಸಲ್ಲಬೇಕು ಎಂದಿತು ಕೋರ್ಟು. ಶೇಕಡಾ 100ರ ಊನಕ್ಕೆ ಕೊನೆಯ ವೇತನದ ಶೇಕಡಾ 30 ಎಂಬ ದರದಲ್ಲಿ ನೋಡೋಣ. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 20ರ ಊನಕ್ಕೆ ತಿಂಗಳಿಗೆ 2,400 ರೂಪಾಯಿ, ಅದನ್ನೇ 50ಕ್ಕೆ ಏರಿಸಿದರೆ 6,000. ತುಟ್ಟಿಭತ್ಯೆ ಬಿಟ್ಟು ತಿಂಗಳಿಗೆ 3,600 ರೂಪಾಯಿ ವ್ಯತ್ಯಾಸ. ಮೂರು ವರ್ಷಕ್ಕೆ 1,29,600.

ಮೂರು ವರ್ಷ ಅಂದೆ. ನನಗೆ ಸಂಕಟವಾಗುವುದು ಇಲ್ಲೇ. ತರ್ಸೇಮ್ ಸಿಂಗ್ ಎಂಬ ಯೋಧರು 1983ರಲ್ಲಿ ಅನಾರೋಗ್ಯದ ಕಾರಣಕ್ಕೆ ಸೇನೆಯಿಂದ ಹೊರಬಂದವರು, ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ಕೊಡದಿರುವುದು ತಿಂಗಳು ತಿಂಗಳೂ ಮುಂದುವರಿಯುವ ತಪ್ಪು, ಹಾಗಾಗಿ ತಡವಾಯಿತೆಂದು ಬಾಗಿಲು ಮುಚ್ಚುವಂತಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಹಿಂಬಾಕಿಯನ್ನು ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಸುಮಾರು ಮೂರು ವರ್ಷಕ್ಕೆ ನಿಲ್ಲಿಸಿತು. ಅದಕ್ಕೂ ಹಿಂದಿನ ಹನ್ನೆರಡು ಹದಿಮೂರು ವರ್ಷದ ಹಣ ಹೋಯಿತು. ಆಮೇಲೆ ಎಷ್ಟೋ ಜನರಿಗೆ ಇದೇ ಅಳತೆಗೋಲಾಯಿತು. ಕಾನೂನಿಗೆ ಅದರದ್ದೇ ಕಾರಣಗಳಿವೆ, ಒಪ್ಪುತ್ತೇನೆ. ಆದರೆ ಇಂಗ್ಲಿಷ್ ಬಾರದ ಸಿಪಾಯಿಗೆ ಇಂಗ್ಲಿಷಿನಲ್ಲಿ ‘ಇಲ್ಲ’ ಎಂದು ಬರೆದು ಕಳಿಸಿ, ಅವನು ಸುಮ್ಮನಿದ್ದುದಕ್ಕೆ ಅವನ ಹಣವನ್ನೇ ಕತ್ತರಿಸುವುದು ನ್ಯಾಯವೆಂದು ನನ್ನ ಮನಸ್ಸು ಒಪ್ಪುವುದಿಲ್ಲ.

ಬಾಕಿ ಹಣಕ್ಕೆ ಕಾಯುವವರ ವಯಸ್ಸೂ ಒಂದು ಮಾತು. ಸಮಾನ ಶ್ರೇಣಿ ಸಮಾನ ಪಿಂಚಣಿಯ, ಅಂದರೆ ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ದುಡಿದವರಿಗೆ ನಿವೃತ್ತಿ ಯಾವಾಗಲೇ ಆಗಿರಲಿ ಒಂದೇ ಪಿಂಚಣಿ ಎಂಬ ಯೋಜನೆಯ, ಬಾಕಿಯನ್ನು ಕಂತಿನಲ್ಲಿ ಕೊಡುವ ವಿಚಾರ ಬಂದಾಗ, 2023ರ ಮಾರ್ಚ್ 20ರಂದು ಸುಪ್ರೀಂ ಕೋರ್ಟ್ ಸರದಿ ಗೊತ್ತು ಮಾಡಿತು. ಕುಟುಂಬ ಪಿಂಚಣಿದಾರರಿಗೂ ಶೌರ್ಯ ಪ್ರಶಸ್ತಿ ಪಡೆದವರಿಗೂ ಏಪ್ರಿಲ್ 30ರೊಳಗೆ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ 2024ರ ಫೆಬ್ರವರಿಯವರೆಗೆ ಮೂರು ಕಂತು. ಆ ಸರದಿಯಲ್ಲಿ ಕರುಣೆ ಇತ್ತು.

ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇದ್ದರೆ ಇವತ್ತೇ ತೆಗೆಯಿರಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶದ ಪ್ರತಿ, ವೈದ್ಯಕೀಯ ಮಂಡಳಿಯ ವರದಿ, ಈ ಮೂರನ್ನು ಮೊದಲು ಹುಡುಕಿ. ವರದಿ ಕಳೆದಿದ್ದರೆ ಮಾಹಿತಿ ಹಕ್ಕಿನಲ್ಲಿ ನಿಮ್ಮ ರೆಕಾರ್ಡ್ ಆಫೀಸಿಗೆ ಬರೆದು ಕೇಳಬಹುದು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇರುವುದೇ ಇಂಥ ದೂರುಗಳಿಗೆ. 2023ರ ಸೆಪ್ಟೆಂಬರ್ 21ರಿಂದ ಅಂಗವೈಕಲ್ಯ ಪಿಂಚಣಿಗೆ ಹೊಸ ಅರ್ಹತಾ ನಿಯಮ ಬಂದಿರುವುದರಿಂದ, ನಿವೃತ್ತಿಯಾದ ದಿನ ಅದಕ್ಕೆ ಹಿಂದಿನದೋ ಮುಂದಿನದೋ ಎಂಬುದನ್ನು ವಕೀಲರಿಗೆ ಮೊದಲೇ ಹೇಳಿ. ಯಜಮಾನರು ತೀರಿಕೊಂಡಿದ್ದರೆ, ತಾಯಂದಿರೇ, ಕಾಗದಗಳನ್ನು ಎಸೆಯಬೇಡಿ, ಒಮ್ಮೆ ತಿಳಿದವರಿಗೆ ತೋರಿಸಿ.

ನಮ್ಮ ಮಾವನೂ ಕೊನೆಗೆ ಅರ್ಜಿ ಹಾಕಿದರು, ಅವರ ಜೊತೆಗಿದ್ದ ಹವಾಲ್ದಾರರೊಬ್ಬರು ಮನೆಗೆ ಬಂದು ಒತ್ತಾಯ ಮಾಡಿದ ಮೇಲೆ. ಆದೇಶ ಅವರ ಪರವಾಗಿಯೇ ಬಂತು. ಆಗಲೂ ಓದಿ ಹೇಳಿದವಳು ನಾನೇ. ಈ ಸಲ ಖುಷಿಯಿಂದ ಕೂಗಿದೆ: ‘‘ಮಾವ, ನಿಮ್ಮ ಕಿವಿ ಹೋಗಿದ್ದು ಮಿಲಿಟರಿ ಕೆಲಸದಿಂದಲೇ ಅಂತ ಒಪ್ಪಿದ್ದಾರೆ! ಬಾಕಿ ಹಣವೂ ಬರುತ್ತೆ!’’ ಎಷ್ಟು ಎಂದು ಮಾವ ಕೇಳಲಿಲ್ಲ. ಕಿವಿಗೆ ಅಂಗೈ ಒಡ್ಡಿ, ‘‘ಯಾವ ತಾರೀಖಿನಿಂದ ಅಂತ ಬರೆದಿದ್ದಾರಮ್ಮ?’’ ಅಂದರು. ಅರ್ಜಿಗೆ ಮೂರು ವರ್ಷ ಹಿಂದಿನ ತಾರೀಖು ಹೇಳಿದೆ. ಅವರ ತುಟಿ ಅಲುಗುತ್ತಿತ್ತು, 1991ರಿಂದ ಎಣಿಸುತ್ತಿದ್ದರು.