ಔಷಧ ನಾಟವಲ್ದು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಮಕ್ಕಳನ್ನು ನೋಡುವ ಡಾಕ್ಟರ್. "ಕೂಸಿಗೆ ಈ ಔಷಧ ನಾಟವಲ್ದು ನೋಡ್ರೀ ಮೇಡಂ, ಮೈಗೆ ರೂಢಿ ಆಗಿಬಿಟ್ಟೈತಿ" ಎಂದು ಸಿಂಧನೂರು, ಮಾನ್ವಿ ಕಡೆಯ ತಾಯಂದಿರು ಹೇಳುತ್ತಾರೆ. ರೂಢಿಯಾಗಿರುವುದು ಕೂಸಿನ ಮೈಗಲ್ಲ ತಾಯಿ, ಒಳಗಿರುವ ಬ್ಯಾಕ್ಟೀರಿಯಾಕ್ಕೆ.

ಹತ್ತಿ ಬೆಳೆಯುವ ನಿಮಗೆ ಇದು ಬೇಗ ತಿಳಿಯುತ್ತದೆ. ಹುಳು ಕೊಲ್ಲುವ ಗುಣವಿರುವ ಬಿಟಿ ಹತ್ತಿ ಬಂದ ಹೊಸದರಲ್ಲಿ ಕಾಯಿಕೊರಕ ಸಾಯುತ್ತಿತ್ತು. ಆಮೇಲೆ ಗುಲಾಬಿ ಕಾಯಿಕೊರಕ ಅದಕ್ಕೂ ಬಗ್ಗದಂತಾಯಿತು, ಅಲ್ವಾ? ಸಾಯದೆ ಉಳಿದ ಹುಳುಗಳದ್ದೇ ಸಂತಾನ ಬೆಳೆಯಿತು. ಬ್ಯಾಕ್ಟೀರಿಯಾ ಕೊಲ್ಲುವ ಔಷಧ, ಅಂದರೆ ಆ್ಯಂಟಿಬಯೋಟಿಕ್ ಕೊಟ್ಟಾಗಲೂ ಹೀಗೇ ಆಗುತ್ತದೆ. ಆದರೆ ಹುಳು ತನ್ನ ಗುಣವನ್ನು ಮರಿಗಳಿಗೆ ಮಾತ್ರ ಕೊಡುತ್ತದೆ. ಬ್ಯಾಕ್ಟೀರಿಯಾ ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡಬಲ್ಲದು. ಹಲವು ಬ್ಯಾಕ್ಟೀರಿಯಾಗಳೊಳಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ಇರುತ್ತದೆ. ಔಷಧವನ್ನು ಸೋಲಿಸುವ ಜೀನ್‌ಗಳು, ಅಂದರೆ ಆ ಗುಣ ಕೊಡುವ ಡಿಎನ್‌ಎ ತುಣುಕುಗಳು, ಎಷ್ಟೋ ಸಲ ಅದರಲ್ಲಿ ಕೂತಿರುತ್ತವೆ. ಒಂದೇ ಉಂಗುರದಲ್ಲಿ ಹಲವು ಔಷಧಗಳಿಗೆ ಜಗ್ಗದ ಜೀನ್‌ಗಳು ಇರಬಹುದು. ಕರುಳಿನಲ್ಲಿ ತೆಪ್ಪಗಿರುವ ಇ. ಕೋಲಿ ಬ್ಯಾಕ್ಟೀರಿಯಾ ಆ ಉಂಗುರದ ನಕಲನ್ನು ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ದಾಟಿಸಿದರೆ ಮುಗೀತು. ಹಸುಗೂಸುಗಳ ರಕ್ತಕ್ಕೆ ನಂಜು ಏರಿಸುವುದರಲ್ಲಿ ಈ ಕ್ಲೆಬ್ಸಿಯೆಲ್ಲಾ ಮುಂದು. 2009ರಲ್ಲಿ ವರದಿಯಾದ ಎನ್‌ಡಿಎಂ-1 ಜೀನ್ ಮೊದಲು ಸಿಕ್ಕಿದ್ದೂ ಇದರಲ್ಲೇ. ಯಾವುದೂ ಕೆಲಸ ಮಾಡದಾಗ ಕೊಡಲೆಂದು ನಾವು ಕಾಯ್ದಿಟ್ಟ ಕಾರ್ಬಪೆನೆಮ್ ಇಂಜೆಕ್ಷನ್ನನ್ನೂ ಆ ಜೀನ್ ವ್ಯರ್ಥ ಮಾಡುತ್ತದೆ.

ನೆಗಡಿ ಬಂದ ಕೂಸಿಗೆ ಸುಮ್ನೆ ಆ್ಯಂಟಿಬಯೋಟಿಕ್ ಸಿರಪ್ಪು ಕುಡಿಸಿದ್ದು ಕೇಳಿದರೆ ನನಗೆ ಸಂಕಟವಾಗುವುದು ಇದಕ್ಕೇ. ನೆಗಡಿ ತರುವ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಕರುಳಿನ ಬಡಪಾಯಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಉಂಗುರ ಇದ್ದವಕ್ಕೆ ಜಾಗ ಸಿಗುತ್ತದೆ. ಮಕ್ಕಳ ನೀರುಭೇದಿಗೂ ಹೆಚ್ಚಿನ ಸಲ ಬೇಕಾಗುವುದು ಓಆರ್‌ಎಸ್ ಮತ್ತು 14 ದಿನ ಜಿಂಕ್, ಅಷ್ಟೇ. ಭೇದಿಯಲ್ಲಿ ರಕ್ತ ಕಂಡರೆ, ಕೂಸು ಮಂಕಾದರೆ, ಹಾಲು ಕುಡಿಯುವುದನ್ನು ಬಿಟ್ಟರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಬನ್ನಿ.

ನಂಜಿನ ಅನುಮಾನ ಬಂದರೆ ರಕ್ತವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸುತ್ತೇವೆ. ವರದಿ ಬರಲು ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ಔಷಧವನ್ನು ಅಂದಾಜಿನ ಮೇಲೆ ಆರಿಸಬೇಕು. ಕೂಸಿಗೆ ಮೊದಲೇ ಏನು ಕುಡಿಸಿದ್ದೀರಿ ಎಂದು ಗೊತ್ತಾದರೆ ಅಂದಾಜು ತಪ್ಪುವುದು ಕಡಿಮೆ. "ಕೆಂಪು ಸಿರಪ್ಪು, ಹಳದಿ ಗುಳಿಗಿ" ಎಂದರೆ ನಮಗೆ ತಿಳಿಯುವುದಿಲ್ಲ. ಬೈತಾರೆ ಅಂತ ಮುಚ್ಚಿಡಬೇಡಿ. ಖಾಲಿ ಬಾಟಲಿಯಾದರೂ ಸರಿ, ಸೆರಗಿನಲ್ಲಿ ಕಟ್ಟಿಕೊಂಡು ತನ್ನಿ.